ದೊಡ್ಡದನ್ನು ದೊಡ್ಡದಾಗಿ ತೋರಿಸುವ ಪಾಡು

ವ್ಯಾಟಿಕನ್ನಿನ ಸಂತ ಪೇತ್ರರ ಬಸಿಲಿಕಾ ಎಂಬ ಮಹಾ ಚರ್ಚಿನೊಳಗೆ ನಾನು ತೆಗೆದ ಮೊದಲ ನಲವತ್ತು ಚಿತ್ರಗಳಲ್ಲಿ ಒಂದನ್ನೂ ಉಳಿಸಿಕೊಂಡಿಲ್ಲ. 16 ಮಿ.ಮೀ. ವೈಡ್ ಲೆನ್ಸ್ ಇದ್ದರೆ ಇಡೀ ಒಳಾಂಗಣ ಕೈವಶವಾದಂತೆ ಎಂದುಕೊಂಡು ಹೋಗಿದ್ದೆ. ಎಲ್ಲವೂ ಚೌಕಟ್ಟಿಗೆ ಬಂತು, ಸುಳ್ಳಲ್ಲ. ಆದರೆ ಕ್ಯಾಮೆರಾದ ಪರದೆಯಲ್ಲಿ ಅದು ಚಿನ್ನದ ಬಣ್ಣ ಬಳಿದ ಸಾಧಾರಣ ಸಭಾಂಗಣದಂತೆ ಕಾಣುತ್ತಿತ್ತು.

ಅಲ್ಲಿನ ಅಳತೆಗಳು ಒಂದಕ್ಕೊಂದು ಎಷ್ಟು ಹದವಾಗಿ ಕೂಡಿವೆಯೆಂದರೆ ಕಣ್ಣೇ ಮೋಸಹೋಗುತ್ತದೆ. ಗುಮ್ಮಟದ ಕೆಳಗೆ ಶಿಲ್ಪಿ ಬರ್ನಿನಿ ನಿಲ್ಲಿಸಿದ ಕಂಚಿನ ಮಂಟಪ ಸುಮಾರು 29 ಮೀಟರ್ ಎತ್ತರವಿದೆ. ಬಾಗಿಲಲ್ಲಿ ನಿಂತವನಿಗೆ ಮಂಚದ ಮೇಲ್ಕಟ್ಟಿನಷ್ಟೇ ಕಾಣುತ್ತದೆ. ನನಗೆ ಬುದ್ಧಿ ಬಂದದ್ದು ಪವಿತ್ರ ಜಲದ ತೊಟ್ಟಿಯ ಹತ್ತಿರ. ಅದನ್ನು ಹಿಡಿದುಕೊಂಡಿರುವ ಅಮೃತಶಿಲೆಯ ದೇವದೂತರು ದೂರದಿಂದ ಮುದ್ದು ಹಸುಳೆಗಳು. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ನಿಂತರು. ಹಸುಳೆ ಅವರಿಗಿಂತ ಎತ್ತರವಿತ್ತು! ವೈಡ್ ಲೆನ್ಸ್ ಬಿಚ್ಚಿಟ್ಟು, ಅಷ್ಟು ಅಗಲ ಹಿಡಿಯದ 50 ಮಿ.ಮೀ. ಹಾಕಿದೆ. ಆಮೇಲೆ ಒಂದು ಮೂಲೆಯಲ್ಲಾದರೂ ಮನುಷ್ಯರಿಲ್ಲದ ಚಿತ್ರ ತೆಗೆಯಲಿಲ್ಲ.

ಟ್ರೈಪಾಡ್ ಒಯ್ಯುವಂತಿಲ್ಲ. ಫ್ಲ್ಯಾಷ್ ಬಳಸುವಂತಿಲ್ಲ, ಬಳಸಿದರೂ ಆ ಎತ್ತರಕ್ಕೆ ಮುಟ್ಟುವುದಿಲ್ಲ. ಕಂಬದ ಬುಡಕ್ಕೆ ಭುಜ ಆನಿಸಿ, ಉಸಿರು ಬಿಡುತ್ತಾ, 1/30 ಸೆಕೆಂಡಿನ ಶಟರ್ ವೇಗದಲ್ಲಿ ಮೂರು ಮೂರು ಕ್ಲಿಕ್ ಒತ್ತಿದೆ. ನಡುವಿನದು ಹೆಚ್ಚಾಗಿ ಚೊಕ್ಕವಾಗಿರುತ್ತಿತ್ತು. ಬೆಳಕನ್ನು ಹಿಡಿಯುವ ಸೂಕ್ಷ್ಮತೆಯನ್ನು (ಐಎಸ್ಒ) 3200ಕ್ಕೆ ಏರಿಸಲು ಹಿಂಜರಿಯಲಿಲ್ಲ. ಕಾಳು ಕಾಳಾಗಿ ಬಂದ ಚಿತ್ರವನ್ನು ಸಹಿಸಬಹುದು, ಅಲುಗಿದ್ದನ್ನಲ್ಲ. ಪೂಜಾಪೀಠಗಳ ಮೇಲಿನ ದೊಡ್ಡ ಚಿತ್ರಗಳನ್ನು ಟೆಲಿ ಲೆನ್ಸಿನಲ್ಲಿ ಹತ್ತಿರಕ್ಕೆ ಎಳೆದಾಗಲೇ ತಿಳಿದದ್ದು, ಹೆಚ್ಚಿನವು ಬಣ್ಣದ ಕೆಲಸವಲ್ಲ, ಚೂರು ಚೂರು ಕೂಡಿಸಿದ ಮೊಸಾಯಿಕ್.

ಮೈಕೆಲೇಂಜೆಲೊ ಕೆತ್ತಿದ ಪಿಯೆತಾ, ಸತ್ತ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ಮರಿಯಳ ಶಿಲ್ಪ, ಮಾತ್ರ ನನಗೆ ಒಲಿಯಲಿಲ್ಲ. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಬಡಿದ ಮೇಲೆ ಅದು ಗಾಜಿನ ಹಿಂದೆ ಸೇರಿದೆ. ನೇರ ನಿಂತರೆ ಮರಿಯಳ ಮಡಿಲಲ್ಲಿ ಯೇಸುವಿನ ಜೊತೆಗೆ ನಮ್ಮ ಹಿಂದಿನವರ ಮೊಬೈಲ್ ಬೆಳಕುಗಳೂ ಮಲಗಿರುತ್ತವೆ. ಪಕ್ಕಕ್ಕೆ ಸರಿದು ಪ್ರತಿಫಲನ ತಪ್ಪಿಸಿ ಒಂದೆರಡು ತೆಗೆದೆ, ಅಷ್ಟೇ.

ಬೆಳಕಿನ ವಿಷಯದಲ್ಲಿ ಒಂದು ಸಂಗತಿ ಮೊದಲೇ ಗೊತ್ತಿದ್ದದ್ದು ಒಳ್ಳೆಯದಾಯಿತು. ಹಳೆಯ ಚರ್ಚುಗಳಲ್ಲಿ ಸಾಮಾನ್ಯವಾಗಿ ಪೀಠ ಪೂರ್ವಕ್ಕಿರುತ್ತದೆ, ಇಲ್ಲಿ ಪಶ್ಚಿಮಕ್ಕೆ. ಹಾಗಾಗಿ ಆ ತುದಿಯ ಗೋಡೆಯಲ್ಲಿ ಪಾರಿವಾಳದ ಚಿತ್ರವಿರುವ ಕಿಟಕಿ ಹೊತ್ತಿಕೊಳ್ಳುವುದು ಮಧ್ಯಾಹ್ನದ ಮೇಲೆ. ಕಿಟಕಿಗೇ ಬೆಳಕು ಅಳೆದು, ಸುತ್ತಲಿನ ಕತ್ತಲನ್ನು ಕತ್ತಲಾಗಿಯೇ ಬಿಟ್ಟೆ. ಅಷ್ಟರಲ್ಲಿ ಸಂಜೆಯ ಬಲಿಪೂಜೆಗೆ, ಅಂದರೆ ಚರ್ಚಿನ ಸಾಮೂಹಿಕ ಪೂಜೆಗೆ, ಆ ಭಾಗವನ್ನು ಮುಚ್ಚಲು ಬಂದರು. ಲೆನ್ಸಿಗೆ ಮುಚ್ಚಳ ಹಾಕಿ ಹಿಂದೆ ಸರಿದೆ. ಕೊನೆಯ ಚಿತ್ರದ ಅಂಚಿನಲ್ಲಿ ಹಗ್ಗ ಎಳೆಯುತ್ತಿದ್ದವನ ಮೊಣಕೈ ಬಂದಿದೆ. ಕತ್ತರಿಸಿಲ್ಲ.