ಕಲ್ಲುಮುಷ್ಟಿಗೆ ಉಸಿರು ಕಲಿಸುವುದು: ಕೊರಿಯಾದ ಅಮೆಚೂರ್ ಬಾಕ್ಸರ್ ಪ್ರೊ ಆಗುವ ಬಗೆ

ದಕ್ಷಿಣ ಕೊರಿಯಾದ ಮೂನ್ ಸಂಗ್-ಕಿಲ್ ಅವರಿಗೆ ಅಲ್ಲಿನವರು ಇಟ್ಟ ಹೆಸರು 'ಡೋಲ್‌ಜುಮೊಕ್', ಅಂದರೆ ಕಲ್ಲುಮುಷ್ಟಿ. 1982ರ ದೆಹಲಿ ಏಷ್ಯಾಡ್‌ನಲ್ಲಿ ಬ್ಯಾಂಟಮ್‌ವೇಟ್ (ಹಗುರ ತೂಕದ ಒಂದು ವಿಭಾಗ) ಚಿನ್ನ, 1986ರಲ್ಲಿ ಅಮೆರಿಕದ ರೆನೋದಲ್ಲಿ ವಿಶ್ವ ಅಮೆಚೂರ್ ಚಾಂಪಿಯನ್‌ಷಿಪ್ ಚಿನ್ನ, ಅದೇ ವರ್ಷ ಸೋಲ್ ಏಷ್ಯಾಡ್‌ನಲ್ಲಿ ಇನ್ನೊಂದು. 1987ರಲ್ಲಿ ಪ್ರೊ, ಅಂದರೆ ವೃತ್ತಿಪರ ಬಾಕ್ಸರ್, ಆದರು. ಪ್ರೊ ಆಗಿ ಒಟ್ಟು 22 ಪಂದ್ಯ, 20 ಗೆಲುವು, ಅದರಲ್ಲಿ 15 ನಾಕೌಟ್. ಆದರೆ ಗಮನಿಸಬೇಕಾದ ಸಂಗತಿ ಬೇರೆ ಇದೆ. ಎರಡು ಬಾರಿ ವಿಶ್ವ ಪ್ರಶಸ್ತಿ ಗೆದ್ದರು, ಎರಡು ಸಲವೂ ನಾಕೌಟ್‌ನಿಂದ ಅಲ್ಲ. ಗಾಯದಿಂದ ಪಂದ್ಯ ನಿಂತು ಅಂಕಪಟ್ಟಿಯ ಮೇಲೆ ತೀರ್ಮಾನವಾಯಿತು. ಸೋತ ಎರಡು ಪಂದ್ಯಗಳೂ ಪೂರ್ತಿ 12 ಸುತ್ತು ನಡೆದು ಅಂಕದಲ್ಲೇ ತೀರ್ಮಾನವಾದವು. ಗಟ್ಟಿ ಗುದ್ದಿನ ಹುಡುಗನನ್ನು ಪ್ರೊ ಮಾಡಲು ಹೊರಟ ಕೋಚ್ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ: ಗುದ್ದು ಇದ್ದೇ ಇದೆ, ತಯಾರಿ ಮಾಡಬೇಕಾದದ್ದು ಗುದ್ದಿಗೆ ಎದುರಾಳಿ ಬೀಳದ ದಿನಕ್ಕೆ.

ಸೇನೆ, ಸಂಬಳ, ಪರವಾನಗಿ

ಕೊರಿಯಾದಲ್ಲಿ ಮೊದಲ ಲೆಕ್ಕ ಗಂಡಸರಿಗೆ ಕಡ್ಡಾಯವಾದ ಸೇನಾ ಸೇವೆಯದು. ಈಗಿನ ನಿಯಮದಂತೆ ಒಲಿಂಪಿಕ್ಸ್‌ನಲ್ಲಿ ಯಾವುದೇ ಪದಕ ಅಥವಾ ಏಷ್ಯಾಡ್‌ನಲ್ಲಿ ಚಿನ್ನ ಬಂದರೆ ಪೂರ್ಣಾವಧಿ ಸೇವೆಯ ಬದಲು ಸಣ್ಣ ಮೂಲ ತರಬೇತಿ ಮುಗಿಸಿ 34 ತಿಂಗಳು ತನ್ನ ಕ್ರೀಡೆಯಲ್ಲೇ ಮುಂದುವರಿಯಬಹುದು. ಪದಕವಿಲ್ಲದವರಿಗೆ ಭೂಸೇನೆಯಲ್ಲಿ 18 ತಿಂಗಳು. ಸೇನೆಯ ಕ್ರೀಡಾ ಘಟಕ 'ಸಂಗ್ಮು'ವಿನಲ್ಲಿ ಸ್ಥಾನ ಸಿಕ್ಕರೆ ಗ್ಲೌಸ್ ಕಳಚಬೇಕಾಗಿಲ್ಲ. ಪ್ರೊ ಆಗಿ ನಾಲ್ಕೈದು ಪಂದ್ಯ ಗೆದ್ದ ಮೇಲೆ ಸೇನೆಗೆ ಹೊರಟರೆ, ಅದುವರೆಗೆ ಏರಿದ ಮೆಟ್ಟಿಲೆಲ್ಲ ವ್ಯರ್ಥ. ಇದನ್ನು ಮುಗಿಸಿಕೊಂಡೇ ಹೊರಡುವುದು ಲೇಸು.

ಎರಡನೆಯದು ದುಡ್ಡು. ಅಮೆಚೂರ್ ಎಂದರೆ ಬರಿಗೈ ಎಂದುಕೊಳ್ಳಬಾರದು. ನಗರಸಭೆ, ಪ್ರಾಂತ್ಯಗಳ ತಂಡಗಳು ತಿಂಗಳ ಸಂಬಳ ಕೊಡುತ್ತವೆ. ರಾಷ್ಟ್ರೀಯ ಕ್ರೀಡಾಕೂಟ 'ಜೊನ್‌ಗುಕ್ ಚೆಜೊನ್'ನಲ್ಲಿ ಪದಕ ತರುವವರಿಗೆ ಅಲ್ಲಿ ಬೆಲೆ ಹೆಚ್ಚು. ಪ್ರೊ ಆದ ಮೊದಲ ವರ್ಷಗಳಲ್ಲಿ ಆದಾಯ ಕಡಿಮೆಯಾಗುವುದೇ ಹೆಚ್ಚು. ಪರವಾನಗಿಗೆ ತೀರ್ಪುಗಾರರ ಮುಂದೆ ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸ ಪಂದ್ಯ) ಮಾಡಿ ತೋರಿಸುವ 'ಪ್ರೊ ಟೆಸ್ಟ್' ಇದೆ. ಕೊರಿಯಾದಲ್ಲಿ ಈಗ ಒಂದಕ್ಕಿಂತ ಹೆಚ್ಚು ಪ್ರೊ ಸಂಸ್ಥೆಗಳಿರುವುದರಿಂದ, ಜಿಮ್ ಯಾವುದರಲ್ಲಿ ನೋಂದಣಿಯಾಗಿದೆ ಎಂದು ಮೊದಲೇ ಕೇಳಿಕೊಳ್ಳಿ. ಹೊಸಬರಿಗೆ 'ಶಿನಿನ್‌ವಾಂಗ್' ಎಂಬ, ಸೋತವರು ಹೊರಬೀಳುವ ಮಾದರಿಯ ಟೂರ್ನಿಯೂ ಉಂಟು. ಹೆಸರು ಮಾಡದ ಹುಡುಗನಿಗೆ ಅದು ಒಳ್ಳೆಯ ಬಾಗಿಲು.

ಒಂಬತ್ತು ನಿಮಿಷದಿಂದ ಮೂವತ್ತಾರಕ್ಕೆ

ಅಮೆಚೂರ್ ಪಂದ್ಯ 3 ನಿಮಿಷದ 3 ಸುತ್ತು, ಅಂದರೆ 9 ನಿಮಿಷ. ಪ್ರಶಸ್ತಿ ಪಂದ್ಯ 36 ನಿಮಿಷ. ಗಟ್ಟಿ ಗುದ್ದಿನವರು ಎಡವುವುದು ಇಲ್ಲಿ: ಮೊದಲ ಮೂರು ಸುತ್ತು ಹಳೆಯ ಅಭ್ಯಾಸದಂತೆ ಪೂರ್ತಿ ಬಲ ಸುರಿದು, ನಾಲ್ಕನೆಯದರಲ್ಲಿ ಕೈ ಎದೆಮಟ್ಟಕ್ಕೆ ಇಳಿಯುತ್ತದೆ. 1988ರ ಸೋಲ್ ಒಲಿಂಪಿಕ್ಸ್ ಫ್ಲೈವೇಟ್ ಚಿನ್ನ ಗೆದ್ದ ಕಿಮ್ ಕ್ವಾಂಗ್-ಸನ್, 1992ರಲ್ಲಿ ಮೆಕ್ಸಿಕೊದ ಹುಂಬರ್ಟೊ ಗೊನ್ಸಾಲೆಸ್ ವಿರುದ್ಧ ಪ್ರಶಸ್ತಿಗಾಗಿ ಆಡಿ 12ನೇ ಸುತ್ತಿನಲ್ಲಿ ಪಂದ್ಯ ಕಳೆದುಕೊಂಡರು. ಅದು ಕೊನೆಯ ಸುತ್ತು.

ಸುತ್ತು ಹೆಚ್ಚಿಸಲು 12 ವಾರ ಇಟ್ಟುಕೊಳ್ಳಿ. ಮೊದಲ ಮೂರು ವಾರ ತೂಗುಹಾಕಿದ ಗುದ್ದುಚೀಲದ (ಬ್ಯಾಗ್) ಮೇಲೆ 6 ಸುತ್ತು, ನಡುವೆ 1 ನಿಮಿಷ ವಿರಾಮ. ಒಂದು ಸುತ್ತಿಗೆ ಪೂರ್ಣಬಲದ ಗುದ್ದು ಹತ್ತು ಮಾತ್ರ. ಉಳಿದವು ಅರ್ಧ ಬಲದ್ದು. ಈ ಲೆಕ್ಕ ಹುಡುಗರಿಗೆ ಹಿಡಿಸುವುದಿಲ್ಲ, ಹಟ ಮಾಡಿಯೇ ಪಾಲಿಸಬೇಕು. ನಾಲ್ಕರಿಂದ ಎಂಟನೇ ವಾರ 8 ಸುತ್ತು, ಆಮೇಲೆ 10. ವಾರಕ್ಕೆ ಎರಡು ದಿನ ಸ್ಪಾರಿಂಗ್, ಎರಡು ಸುತ್ತಿಗೊಮ್ಮೆ ಹೊಸ ಜೊತೆಗಾರ. ವಿಡಿಯೊ ತೆಗೆದು ಮೊದಲ ಮತ್ತು ಆರನೇ ಸುತ್ತಿನ ಗುದ್ದು ಎಣಿಸಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ 8 ಸುತ್ತಿನ ಪಂದ್ಯಕ್ಕೆ ಒಪ್ಪಬೇಡಿ.

ಬಲ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೊಸದಾಗಿ ಹೇಳಿಕೊಡಬೇಕಾಗುತ್ತದೆ. ಅಮೆಚೂರಿನಲ್ಲಿ ಒಳಗೆ ನುಗ್ಗಿ, ಮುಟ್ಟಿಸಿ, ಹೊರಗೆ ಜಿಗಿಯುವ ಅಭ್ಯಾಸ. ಪಾದ ನೆಲದಲ್ಲಿ ನಿಲ್ಲುವುದೇ ಇಲ್ಲ. ಪ್ರೊ ಗುದ್ದಿಗೆ ಹಿಂಗಾಲಿನ ಮುಂಪಾದ ನೆಲ ಕಚ್ಚಿ ತಿರುಗಬೇಕು, ಅದರ ಹಿಂದೆ ಸೊಂಟ, ಆಮೇಲೆ ಭುಜ, ಕೊನೆಗೆ ಮುಷ್ಟಿ. ತೋಳು ಮೊದಲು ಹೊರಟರೆ ಬರುವುದು ಸದ್ದು ಮಾತ್ರ. ಜೊತೆಗೆ ಹೊಟ್ಟೆಗೆ ಕೆಲಸ ಕಲಿಸಿ. ಎದುರಾಳಿಯ ಬಲಪಕ್ಕೆಲುಬಿನ ಕೆಳಗೆ ಯಕೃತ್ತಿದೆ. ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ಅಲ್ಲಿ ಬಿದ್ದರೆ ಒಂದು ಗಳಿಗೆ ಏನೂ ಆಗದಂತೆ ಕಂಡು ಆಮೇಲೆ ಮಂಡಿ ಕುಸಿಯುತ್ತದೆ. ತಲೆ ತಪ್ಪಿಸಿಕೊಂಡೀತು, ಪಕ್ಕೆ ಅಷ್ಟು ಬೇಗ ಜಾಗ ಬಿಡುವುದಿಲ್ಲ.

ಒಂದು ಅಡ್ಡಮಾತು. ಅದೇ ಕಾಲದ ಕೊರಿಯನ್ ಬಾಕ್ಸರ್ ಯೂ ಮ್ಯುಂಗ್-ವೂ ಅವರ 38 ಗೆಲುವಿನಲ್ಲಿ ನಾಕೌಟ್ 14 ಮಾತ್ರ. ಬಿಡದೆ ಗುದ್ದುತ್ತಿದ್ದುದರಿಂದ ಅವರಿಗೆ 'ಸೊನಾಗಿ', ಅಂದರೆ ಬಿರುಮಳೆ, ಎಂದೇ ಹೆಸರು. ಜೂನಿಯರ್ ಫ್ಲೈವೇಟ್ ಪ್ರಶಸ್ತಿಯನ್ನು ಮೊದಲ ಸಲ ಚಾಂಪಿಯನ್ ಆಗಿದ್ದಾಗ 17 ಬಾರಿ ಉಳಿಸಿಕೊಂಡರು. ಮೂನ್ ಸೂಪರ್ ಫ್ಲೈವೇಟ್‌ನಲ್ಲಿ 9 ಬಾರಿ. ಹನಿಗೂಡಿದರೆ ಹಳ್ಳ ಎಂಬುದು ಅಂಕಪಟ್ಟಿಗೂ ಒಪ್ಪುವ ಮಾತು.

ಕೈ ಮುರಿಯದಂತೆ

ಹಗುರ ತೂಕದ ಅಮೆಚೂರ್‌ಗೆ ಈಗ 10 ಔನ್ಸ್ ಗ್ಲೌಸ್, ಅಂದರೆ ಸುಮಾರು 283 ಗ್ರಾಂ. ಪ್ರೊನಲ್ಲಿ ವೆಲ್ಟರ್‌ವೇಟ್‌ವರೆಗೆ 8 ಔನ್ಸ್, 227 ಗ್ರಾಂ. ಕಡಿಮೆಯಾದ ಆ ಮೆತ್ತೆಯ ನೋವು ಗುದ್ದಿಸಿಕೊಂಡವನಿಗಷ್ಟೇ ಅಲ್ಲ, ಗುದ್ದಿದವನ ಕೈಗೂ ತಟ್ಟುತ್ತದೆ. ಬೀಸುವ ಹುಕ್ ಎದುರಾಳಿಯ ನೆತ್ತಿಗೆ ಬಿದ್ದರೆ ಕಿರುಬೆರಳ ಹಿಂದಿನ ಅಂಗೈ ಮೂಳೆ ಮುರಿಯುತ್ತದೆ. ತೋರುಬೆರಳು, ನಡುಬೆರಳಿನ ಗೆಣ್ಣು ಮೊದಲು ತಾಗಬೇಕು, ಮಣಿಕಟ್ಟು ಮುಂಗೈಗೆ ನೇರವಾಗಿರಬೇಕು. ಅಭ್ಯಾಸಕ್ಕೆ 4.5 ಮೀಟರ್ ಪಟ್ಟಿ ಸುತ್ತಿ. ಸ್ಪಾರಿಂಗ್‌ಗೆ 16 ಔನ್ಸ್, ಕೊನೆಯ ಎರಡು ವಾರ ಮಾತ್ರ ಕೋಚ್ ಕೈಯಲ್ಲಿ ಹಿಡಿಯುವ ಪ್ಯಾಡ್ ಮೇಲೆ 8 ಔನ್ಸ್.

ತಲೆ ಎಲ್ಲಿಡುವುದು

ನುಗ್ಗಿ ಆಡುವ ಬಾಕ್ಸರ್‌ಗೆ ಎಲ್ಲಕ್ಕಿಂತ ದೊಡ್ಡ ಅಪಾಯ ತಲೆಗೆ ತಲೆ ತಾಗುವುದು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್‌ನಲ್ಲಿ ಮೂನ್ ಮೊದಲ ಸುತ್ತಿನಲ್ಲೇ ಗಾಯದಿಂದ ಹೊರಬಿದ್ದರು. 1988ರ ಆಗಸ್ಟ್‌ನಲ್ಲಿ ಥಾಯ್ಲೆಂಡಿನ ಕಾವ್‌ಕೊರ್ ಗ್ಯಾಲಕ್ಸಿ ವಿರುದ್ಧ ಆರನೇ ಸುತ್ತಿನಲ್ಲಿ, 1990ರ ಜನವರಿಯಲ್ಲಿ ಘಾನಾದ ನಾನಾ ಕೊನಾಡು ವಿರುದ್ಧ ಒಂಬತ್ತನೇ ಸುತ್ತಿನಲ್ಲಿ ಪಂದ್ಯ ನಿಂತು, ಅಂಕದ ಮೇಲೆ ಪ್ರಶಸ್ತಿ ಬಂತು. ಗಾಯ ಒಂದು ಸಲ ಕಿತ್ತುಕೊಂಡಿತು, ಎರಡು ಸಲ ಕೊಟ್ಟಿತು. ಇದನ್ನು ನಂಬಿ ಕೂರುವಂತಿಲ್ಲ.

ಇಂದು ಬಹುತೇಕ ಕಡೆ ಆಕಸ್ಮಿಕ ಡಿಕ್ಕಿಯ ಗಾಯದಿಂದ ನಾಲ್ಕು ಸುತ್ತು ಮುಗಿಯುವ ಮೊದಲೇ ಪಂದ್ಯ ನಿಂತರೆ ಫಲಿತಾಂಶವೇ ಇಲ್ಲ. ಆಮೇಲೆ ನಿಂತರೆ ಅಂಕಪಟ್ಟಿ. ವಿಶ್ವ ಬಾಕ್ಸಿಂಗ್ ಮಂಡಳಿ (ಡಬ್ಲ್ಯುಬಿಸಿ) ನಿಯಮದಲ್ಲಿ ಗಾಯವಾಗದವನಿಗೆ ಒಂದು ಅಂಕ ಕಡಿತವೂ ಇದೆ. ಹಾಗಾಗಿ ಮೊದಲ ನಾಲ್ಕು ಸುತ್ತನ್ನು 'ನೋಡೋಣ' ಎಂದು ಬಿಟ್ಟುಕೊಡಬಾರದು. ಒಳಗೆ ಹೋಗುವ ಮೊದಲು ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಗುದ್ದು) ಹೋಗಬೇಕು, ಹಣೆ ಎದುರಾಳಿಯ ಭುಜದ ಹೊರಪಕ್ಕಕ್ಕೆ ಹೋಗಬೇಕು, ಕಣ್ಣು ಅವನ ಎದೆಯ ಮೇಲೆ. ನೆಲ ನೋಡುತ್ತ ನುಗ್ಗಿದರೆ ಡಿಕ್ಕಿ ಖಂಡಿತ. ಎಡಗೈ ಆಟಗಾರ ಎದುರಾದಾಗ ಮುಂಗಾಲುಗಳು ಮುಖಾಮುಖಿಯಾಗಿ ಅಪಾಯ ಇಮ್ಮಡಿ. ನಿಮ್ಮ ಎಡಪಾದ ಅವನ ಬಲಪಾದದ ಹೊರಗಿರಲಿ. ಅಭ್ಯಾಸಕ್ಕೆ ಎದೆಮಟ್ಟದಲ್ಲಿ ಹಗ್ಗ ಕಟ್ಟಿ, ಅದರಡಿಯಲ್ಲಿ ಎಡಬಲ ತೂರುತ್ತ ಗುದ್ದಿಸಿ, ದಿನಕ್ಕೆ 3 ಸುತ್ತು. ರಿಂಗ್‌ನ ಮೂಲೆಯಲ್ಲಿ ಗಾಯ ನೋಡುವವನ ಬಳಿ ಸಾವಿರಕ್ಕೊಂದು ಪ್ರಮಾಣದ ಅಡ್ರಿನಲಿನ್, ಹತ್ತಿಕಡ್ಡಿ, ವ್ಯಾಸಲಿನ್ ಇರಬೇಕು. ಮೊದಲು ಒತ್ತಿ ಹಿಡಿಯುವುದು, ಆಮೇಲೆ ಔಷಧ. ಒರೆಸುತ್ತ ಕೂತರೆ 60 ಸೆಕೆಂಡು ಹೋಯಿತು.

ತೂಕ, ಎದುರಾಳಿ, ಟವೆಲ್

ಬ್ಯಾಂಟಮ್ ಮಿತಿ 53.5 ಕಿಲೊ, ಸೂಪರ್ ಫ್ಲೈ 52.2. ಸಾಮಾನ್ಯ ದಿನದ ತೂಕ ಮಿತಿಗಿಂತ ಹತ್ತನೇ ಒಂದು ಭಾಗಕ್ಕೂ ಹೆಚ್ಚಿದ್ದರೆ ಒಂದು ವಿಭಾಗ ಮೇಲೆ ಹೋಗಿ. ಪ್ರೊನಲ್ಲಿ ತೂಕ ನೋಡುವುದು ಹಿಂದಿನ ದಿನ, ಹಾಗಾಗಿ ನೀರು ಇಳಿಸುವ ಆಸೆ ಹುಟ್ಟುತ್ತದೆ. ಒಣಗಿದ ಮೈಗೆ ಗುದ್ದು ತಡೆದುಕೊಳ್ಳುವ ಶಕ್ತಿ ಒಂದೇ ದಿನದಲ್ಲಿ ಮರಳುವುದಿಲ್ಲ.

ಮೂನ್ ಏಳನೇ ಪಂದ್ಯದಲ್ಲೇ ವಿಶ್ವ ಪ್ರಶಸ್ತಿ ಗೆದ್ದರು. ಅದು ಅಮೆಚೂರ್ ವಿಶ್ವ ಚಾಂಪಿಯನ್ ಆಗಿ ಬಂದವರ ದಾರಿ, ಎಲ್ಲರಿಗೂ ಅಲ್ಲ. ಸಾಧಾರಣ ಅಮೆಚೂರ್‌ಗೆ ಮೊದಲ ಎಂಟು ಪಂದ್ಯಗಳಲ್ಲಿ ಕನಿಷ್ಠ ಮೂವರು ಬೀಳದ ಎದುರಾಳಿಗಳನ್ನು ಹುಡುಕಿ: ಒಬ್ಬ ಎತ್ತರದವ, ಒಬ್ಬ ಎಡಗೈಯವ, ಒಬ್ಬ ಅಪ್ಪಿಕೊಂಡು ಕಾಲ ಕಳೆಯುವವ. ಮೂವರೂ ಪೂರ್ತಿ ಸುತ್ತು ಆಡಿಸಿದರೆ ನಾಕೌಟ್ ಲೆಕ್ಕ ಹಾಳಾಗುತ್ತದೆ ಎಂದು ಪ್ರವರ್ತಕರು ಗೊಣಗುತ್ತಾರೆ, ಗೊಣಗಲಿ.

ಸಾಕು ಎನ್ನುವವರು ಯಾರು ಎಂಬುದು ಪಂದ್ಯದ ಮೊದಲೇ ನಿಶ್ಚಯವಾಗಬೇಕು. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕದ ರೇ ಮಾನ್ಸಿನಿ ವಿರುದ್ಧ 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ದುಕ್-ಕೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಬಳಿಕವೇ ಡಬ್ಲ್ಯುಬಿಸಿ ಪ್ರಶಸ್ತಿ ಪಂದ್ಯವನ್ನು 15ರಿಂದ 12 ಸುತ್ತಿಗೆ ಇಳಿಸಿತು, ಉಳಿದ ಸಂಸ್ಥೆಗಳೂ ಹಿಂಬಾಲಿಸಿದವು. ಸೋಲೊಪ್ಪಿ ಪಂದ್ಯ ನಿಲ್ಲಿಸಲು ಎಸೆಯುವ ಟವೆಲ್ ಮೂಲೆಯಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಪ್ರತಿ ವಿರಾಮದಲ್ಲಿ ಬಾಕ್ಸರ್‌ಗೆ ಸುತ್ತು ಎಷ್ಟನೆಯದೆಂದು ಕೇಳಿ. ತಪ್ಪು ಉತ್ತರ ಬಂದರೆ ಅಥವಾ ಉತ್ತರಕ್ಕೆ ತಡವರಿಸಿದರೆ ಅಂಕಪಟ್ಟಿಯಲ್ಲಿ ಮುಂದಿದ್ದರೂ ರೆಫರಿಯನ್ನು ಕರೆಯಿರಿ.