ಫ್ರಾನ್ಸ್‌ನ ಹಳ್ಳಿಮನೆಗೆ ಗೆಳೆಯರು ಬರುವಾಗ: ಶರತ್ಕಾಲದ ವಾರಾಂತ್ಯಕ್ಕೆ ಹೀಗೆ ಸಿದ್ಧರಾಗಿ

ಅಕ್ಟೋಬರ್ ಬರುವ ಹೊತ್ತಿಗೆ ನೈಋತ್ಯ ಫ್ರಾನ್ಸ್‌ನ ದೊರ್ದೋನ್ ಕಣಿವೆಯಲ್ಲಿ ಬೇಸಿಗೆ ಪ್ರವಾಸಿಗರ ಗದ್ದಲ ಇಳಿದಿರುತ್ತದೆ. ವಾಲ್‌ನಟ್ ಕೊಯ್ಲು ನಡೆಯುತ್ತಿರುತ್ತದೆ, ಸಂತೆಗೆ ಅಣಬೆ ಬರುತ್ತಿರುತ್ತದೆ. ಪ್ಯಾರಿಸ್ಸಿನಲ್ಲಿರುವ ಗೆಳೆಯರನ್ನೋ ಬೆಂಗಳೂರಿನಿಂದ ಬಂದವರನ್ನೋ ಎರಡು ದಿನ ಕರೆಸಿಕೊಳ್ಳಲು ಇದೇ ಸರಿಯಾದ ಕಾಲ. ಮನೆ ಸ್ವಂತದ್ದಿರಲಿ, 'ಝೀತ್' ಎಂದು ಕರೆಯುವ ಬಾಡಿಗೆ ಹಳ್ಳಿಮನೆಯಿರಲಿ, ಆತಿಥ್ಯದ ಮುಕ್ಕಾಲು ಪಾಲು ಕೆಲಸ ಅವರು ಬರುವ ಮೊದಲೇ ಮುಗಿದಿರಬೇಕು. ಆಗ ಮಾತ್ರ ಅವರ ಜೊತೆ ಕೂತು ಹರಟಲು ಪುರುಸೊತ್ತು ಸಿಗುತ್ತದೆ.

ಗುರುವಾರ: ಮೊದಲು ಗೋಡೆ ಬಿಸಿಯಾಗಲಿ

ಇಲ್ಲಿನ ಹಳೆಯ ಮನೆಗಳದು ದಪ್ಪ ಕಲ್ಲಿನ ಗೋಡೆ. ಶುಕ್ರವಾರ ಸಂಜೆ ಹೀಟರ್ ಹಾಕಿದರೆ ಗಾಳಿ ಬಿಸಿಯಾಗುತ್ತದೆ, ಗೋಡೆ ಮಾತ್ರ ತಣ್ಣಗೇ ಇರುತ್ತದೆ. ಅತಿಥಿಗಳು ರಾತ್ರಿಯಿಡೀ ನಡುಗುತ್ತಾರೆ. ಒಂದು ದಿನ ಮೊದಲೇ ಶುರುಮಾಡಿ. ಸೌದೆಯನ್ನು ಇಲ್ಲಿ 'ಸ್ತೇರ್' ಲೆಕ್ಕದಲ್ಲಿ ಮಾರುತ್ತಾರೆ, ಒಂದು ಮೀಟರ್ ಉದ್ದದ ತುಂಡುಗಳನ್ನು ಒಂದು ಘನ ಮೀಟರಿನಷ್ಟು ಪೇರಿಸಿದರೆ ಒಂದು ಸ್ತೇರ್. ಎರಡು ವರ್ಷ ಒಣಗಿದ ಓಕ್ ಕೇಳಿ. ಹಸಿ ಸೌದೆ ಹೊಗೆ ಕಾರುತ್ತದೆ, ಚಿಮಣಿಯಲ್ಲಿ ಮಸಿ ಕಟ್ಟುತ್ತದೆ. ಈ ವರ್ಷ ಚಿಮಣಿ ಗುಡಿಸಿಲ್ಲವೆಂದಾದರೆ ಬೆಂಕಿ ಹಚ್ಚಲೇಬೇಡಿ.

ಹಳ್ಳಿಮನೆಗಳಲ್ಲಿ ಹೆಚ್ಚಾಗಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಶೌಚಾಲಯದಲ್ಲಿ ಕಾಗದ ಬಿಟ್ಟು ಬೇರೇನೂ ಹಾಕಬಾರದೆಂದು ಒಂದು ಚೀಟಿ ಬರೆದು ಅಂಟಿಸಿಬಿಡಿ. ಬಾಯಿಬಿಟ್ಟು ಹೇಳುವ ಮುಜುಗರ ತಪ್ಪುತ್ತದೆ.

ಶುಕ್ರವಾರ: ಸ್ಟೇಷನ್ನಿಗೆ ನೀವೇ ಹೋಗಿ

ಪ್ಯಾರಿಸ್ಸಿನಿಂದ ಬೋರ್ದೋಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಸಾರ್ಲಾ ಊರಿಗೆ ನಿಧಾನದ ರೈಲಿನಲ್ಲಿ ಇನ್ನೂ ಎರಡೂವರೆ ಗಂಟೆಗೂ ಹೆಚ್ಚು. ಕೊನೆಯ ರೈಲು ಯಾವುದೆಂದು ನೋಡಿಕೊಂಡೇ ಟಿಕೆಟ್ ಮಾಡಿಸಲು ಹೇಳಿ. ರಾತ್ರಿ ಟ್ಯಾಕ್ಸಿ ಸಿಗುತ್ತದೆಂದು ನಂಬಬೇಡಿ. ಆ ರಾತ್ರಿಗೆ ಸಿಹಿಗುಂಬಳದ ಸೂಪು, ಬ್ರೆಡ್ಡು, ಚೀಸ್ ಸಾಕು. ದಣಿದು ಬಂದವರಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಸಸ್ಯಾಹಾರಿಗಳು ಬರುತ್ತಿದ್ದರೆ ಒಂದು ಎಚ್ಚರ. ಇದು ಬಾತುಕೋಳಿಯ ನಾಡು. ಸಾರ್ಲಾದ ಹೆಸರಲ್ಲೇ ಇರುವ ಹುರಿದ ಆಲೂಗಡ್ಡೆಯ ತಿನಿಸನ್ನು ನೋಡಿದರೆ ಬರೀ ಆಲೂಗಡ್ಡೆ, ಬೆಳ್ಳುಳ್ಳಿ, ಪಾರ್ಸ್ಲಿ. ಆದರೆ ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ಮನೆಯಲ್ಲಿ ಸೂರ್ಯಕಾಂತಿ ಎಣ್ಣೆ ಹಾಕಿ ಮಾಡಿಕೊಡಿ. ಇಲ್ಲಿನ ವಾಲ್‌ನಟ್ ಎಣ್ಣೆ ಘಮಘಮ, ಆದರೆ ಕಾಯಿಸಿದರೆ ರುಚಿ ಕೆಡುತ್ತದೆ, ಸಲಾಡಿಗೆ ಇಟ್ಟುಕೊಳ್ಳಿ. ರೋಕ್‌ಫೋರ್, ಕೋಂತೆಯಂಥ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ತಿನ್ನುವುದು ಬಿಡುವುದು ಅವರಿಷ್ಟ. ಬಡಿಸುವ ಮೊದಲು ಹೇಳಿಬಿಡುವುದು ನಮ್ಮ ಕರ್ತವ್ಯ.

ಶನಿವಾರ: ಬೆಳಿಗ್ಗೆ ಸಂತೆ, ಸಂಜೆ ಬೆಂಕಿ

ಸಾರ್ಲಾದಲ್ಲಿ ಶನಿವಾರ ಬೆಳಿಗ್ಗೆ ಹಳೇ ಪೇಟೆಯ ಕಲ್ಲುಹಾಸಿನ ಬೀದಿಗಳಲ್ಲೇ ಸಂತೆ. ಒಂಬತ್ತಕ್ಕೆಲ್ಲ ಅಲ್ಲಿರಿ. ಹಳೆಯ ಸೇಂತ್ ಮಾರಿ ಚರ್ಚು ಈಗ ಒಳಾಂಗಣ ಮಾರುಕಟ್ಟೆ. ವಾಸ್ತುಶಿಲ್ಪಿ ಝಾಂ ನುವೆಲ್ ಅದಕ್ಕೆ ಕೂರಿಸಿದ ಆಳೆತ್ತರವನ್ನೂ ಮೀರಿದ ಉಕ್ಕಿನ ಬಾಗಿಲುಗಳನ್ನು ಗೆಳೆಯರಿಗೆ ತೋರಿಸಿ. ಸೆಪ್ ಅಣಬೆಯನ್ನು ಇಲ್ಲೇ ಕೊಳ್ಳಿ. ಕಾಡಿನಲ್ಲಿ ಕೀಳುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕಾನೂನಿನ ಪ್ರಕಾರ ಅಣಬೆ ಆ ಜಮೀನಿನ ಒಡೆಯನದು, ಮೇಲಾಗಿ ವಿಷದ ಅಣಬೆ ಕೊಲ್ಲುತ್ತದೆ. ಕಾಡಿನ ದಾರಿಯಲ್ಲಿ ನಡೆದಾಡಲು ಹೋಗುವುದಾದರೂ ಇದು ಬೇಟೆಯ ಕಾಲ. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ಕೊಡಿ, ಬೇಟೆ ನಡೆದಿದೆ ಎಂಬ ಫಲಕ ಕಂಡರೆ ಹಿಂದಿರುಗಿ.

ಮಧ್ಯಾಹ್ನಕ್ಕೆ ಒಂದೇ ಒಂದು ಸುತ್ತಾಟ ಇಟ್ಟುಕೊಳ್ಳಿ. ನನ್ನ ಆಯ್ಕೆ ಮೊಂತಿನ್ಯಾಕ್ ಊರಿನ ಲಾಸ್ಕೋ, ಆದಿಮಾನವರು ಗೋಡೆಯ ಮೇಲೆ ಗೂಳಿಗಳ ಚಿತ್ರ ಬರೆದ ಗುಹೆ. 1940ರಲ್ಲಿ ಪತ್ತೆಯಾದ ಮೂಲ ಗುಹೆಯನ್ನು ಜನರ ಉಸಿರಿನಿಂದ ಚಿತ್ರಗಳು ಹಾಳಾಗುತ್ತಿವೆ ಎಂದು 1963ರಲ್ಲಿ ಮುಚ್ಚಿದರು. 2016ರಲ್ಲಿ ತೆರೆದ ಪ್ರತಿಕೃತಿಯನ್ನು ನಕಲೆಂದು ತಳ್ಳಿಹಾಕಬೇಡಿ. ಆ ಗೂಳಿಗಳ ಕೆಳಗೆ ನಿಂತರೆ ಮಾತೇ ಹೊರಡುವುದಿಲ್ಲ. ಟಿಕೆಟ್ಟಿನಲ್ಲಿ ಸಮಯ ನಮೂದಾಗಿರುತ್ತದೆ, ಮೊದಲೇ ಕಾದಿರಿಸಿ.

ಸಂಜೆಗೆ ಚೆಸ್ಟ್‌ನಟ್ ಸುಡಿ. ಮಕ್ಕಳು ಆರಿಸಿ ತಂದಿದ್ದರೆ ಮೊದಲು ಪರೀಕ್ಷಿಸಿ. ತಿನ್ನುವ ಕಾಯಿಯ ಸಿಪ್ಪೆಯ ತುಂಬ ಸೂಜಿಯಂಥ ಒತ್ತು ಮುಳ್ಳು, ಬೀಜಕ್ಕೆ ಚೂಪು ತುದಿ. ಮುಳ್ಳು ವಿರಳವಾಗಿ, ಬೀಜ ಗುಂಡಗೆ ನುಣುಪಾಗಿದ್ದರೆ ಅದು ಹಾರ್ಸ್ ಚೆಸ್ಟ್‌ನಟ್, ವಿಷ, ಎಸೆಯಿರಿ. ಒಳ್ಳೆಯದರ ಉಬ್ಬಿದ ಬದಿಗೆ ಚಾಕುವಿನಿಂದ ಅಡ್ಡ ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ. ತೂತು ಬಾಣಲೆಯಲ್ಲಿ ಹರಡಿ, ಉರಿಯ ಮೇಲಲ್ಲ, ಕೆಂಡದ ಮೇಲೆ ಇಡಿ. ಆಗಾಗ ಕುಲುಕುತ್ತಿರಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಗೀರು ಬಾಯಿಬಿಟ್ಟು ಒಳಗಿನ ಹಳದಿ ತಿರುಳು ಕಾಣುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಬಿಟ್ಟು ಬಿಸಿಬಿಸಿಯಾಗಿಯೇ ಸುಲಿಯಿರಿ. ಆರಿದರೆ ಒಳಪೊರೆ ತಿರುಳಿಗೆ ಕಚ್ಚಿಕೊಳ್ಳುತ್ತದೆ. ಬೆರಳು ಸುಟ್ಟುಕೊಂಡು ಎಲ್ಲರೂ ಒಟ್ಟಿಗೆ ಸುಲಿಯುವ ಈ ಅರ್ಧ ಗಂಟೆಯೇ ಇಡೀ ವಾರಾಂತ್ಯದ ತಿರುಳು ಎನ್ನುತ್ತೇನೆ ನಾನು.

ಭಾನುವಾರ: ಹನ್ನೆರಡರೊಳಗೆ

ಹಳ್ಳಿಯ ಅಂಗಡಿಗಳು ಮಧ್ಯಾಹ್ನಕ್ಕೆ ಬಾಗಿಲು ಹಾಕಿದರೆ ಅಂದು ಮತ್ತೆ ತೆರೆಯುವುದಿಲ್ಲ. ಬೆಳಿಗ್ಗೆಯೇ ಬ್ರೆಡ್ ತನ್ನಿ. ಸೋಮವಾರ ರಜೆ ಮಾಡುವ ಬೇಕರಿಗಳೂ ಬಹಳ, ನಿಮಗೂ ಒಂದು ಹೆಚ್ಚಿಗೆ ಕೊಳ್ಳಿ. ಹೋಟೆಲಿನಲ್ಲಿ ಊಟವೆಂದರೆ ಮೊದಲೇ ಟೇಬಲ್ ಹೇಳಿಟ್ಟು ಹನ್ನೆರಡೂವರೆಗೆ ಕೂತುಬಿಡಿ, ಎರಡರ ನಂತರ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರವಾದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿರುತ್ತದೆ. ಸಂಜೆ ಆರಕ್ಕೆಲ್ಲ ಕತ್ತಲು, ರೈಲಿನ ವೇಳೆ ಮತ್ತೊಮ್ಮೆ ನೋಡಿ. ಚೀಲಕ್ಕೆ ಒಂದು ಕಿಲೋ ವಾಲ್‌ನಟ್ ಹಾಕಿ ಕಳಿಸಿ.

ಅವರನ್ನು ಬಿಟ್ಟು ಬಂದ ಮೇಲೆ ಬೂದಿ ತೆಗೆಯುವಾಗ ಪ್ಲಾಸ್ಟಿಕ್ ಬಕೆಟ್ಟಾಗಲಿ ಕಸದ ಚೀಲವಾಗಲಿ ಬೇಡ. ಮುಚ್ಚಳವಿರುವ ತಗಡಿನ ಬಕೆಟ್ಟಿಗೆ ತುಂಬಿ ಹೊರಗೆ ಕಲ್ಲಿನ ಮೇಲಿಡಿ. ಬೂದಿಯೊಳಗಿನ ಕೆಂಡ ಮರುದಿನವೂ ಜೀವ ಹಿಡಿದಿರುತ್ತದೆ.