ಅವರೆಕಾಯಿ ಹಿತಕೋಕೆ ಬನ್ನಿ ಎಂದು ಕರೆದೆವು

ಬೆಂಗಳೂರಿನ ಹೆಬ್ಬಾಳದ ಹತ್ತಿರದ ನಮ್ಮ ಬಡಾವಣೆಯಲ್ಲಿ ಒಂದು ಸಮುದಾಯ ಭವನ ಇದೆ. ನವೆಂಬರ್‌ನಲ್ಲಿ ಅಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಬೇರೆ ರಾಜ್ಯಗಳಿಂದ ಬಂದವರಿಗೂ ವೇದಿಕೆ ಕೊಡುತ್ತೇವೆ. ಮಕ್ಕಳು ಚೆನ್ನಾಗಿಯೇ ಕುಣಿಯುತ್ತಾರೆ. ಆದರೆ ತಮ್ಮ ಮಗುವಿನ ಡ್ಯಾನ್ಸ್ ಮುಗಿದ ಕೂಡಲೇ ಮನೆಯವರು ಎದ್ದು ಹೊರಡುತ್ತಾರೆ. ಪಕ್ಕದ ಕುರ್ಚಿಯವರ ಹೆಸರೂ ಗೊತ್ತಾಗಿರಲ್ಲ. ಒಟ್ಟಿಗೆ ಕೂತು ಏನಾದರೂ ಕೆಲಸ ಮಾಡದೆ ಜನ ಹತ್ತಿರ ಆಗಲ್ಲ ಅನ್ನೋದು ನನ್ನ ನಂಬಿಕೆ. ಅದಕ್ಕೇ ಸಂಘದ ಸಭೆಯಲ್ಲಿ ಹೇಳಿದೆ: ಸಂಕ್ರಾಂತಿಗೆ ಮುಂಚೆ ಒಂದು ಶನಿವಾರ ಭಾನುವಾರ ಮೈಕು ಬೇಡ, ಭಾಷಣ ಬೇಡ, ಅವರೆಕಾಯಿ ತರಿಸಿ ಒಟ್ಟಿಗೆ ಬಿಡಿಸೋಣ, ಕಾಳು ಒತ್ತಿ ಸಿಪ್ಪೆ ಬಿಡಿಸಿ ಹಿತಕೋಣ.

ಅವರೆಯೇ ಯಾಕೆ? ಅದು ನಮ್ಮದು ಎಷ್ಟೋ, ಬಂದವರದ್ದೂ ಅಷ್ಟೇ. ಚಿತ್ತೂರು ಕಡೆಯವರು ನಮ್ಮ ಹಾಗೇ ಹಿತಕಿ ಪಿತಿಕಿನ ಪಪ್ಪು ಮಾಡುತ್ತಾರೆ. ತಮಿಳರ ಮನೆಯಲ್ಲಿ ಪೊಂಗಲ್‌ಗೆ ಮೊಚ್ಚೈ ಕುಳಂಬು, ಅಂದರೆ ಅವರೆಕಾಳಿನ ಹುಳಿ. ಕೊಂಕಣದ ಮರಾಠಿಗರು ವಾಲ್ ಅಂತ ಕರೆಯೋ ಒಣಗಿದ ಅವರೆಕಾಳನ್ನು ಮೊಳಕೆ ಬರಿಸಿ, ಸಿಪ್ಪೆ ತೆಗೆದು ಬಿರಡೆ ಅನ್ನೋ ಪಲ್ಯ ಮಾಡುತ್ತಾರೆ. ಗುಜರಾತಿಗಳ ಉಂಧಿಯು ಅನ್ನೋ ತರಕಾರಿ ಪಲ್ಯಕ್ಕೆ ಬೀಳೋ ಪಾಪಡಿ ಕಾಯಿಯೂ ಅವರೆ ಜಾತಿಯದೇ. ಬೆಂಗಳೂರಿನ ಮುಸ್ಲಿಮರ ಮನೆಗಳಲ್ಲಿ ಅದೇ ಕಾಳು ಮಾಂಸದ ಜೊತೆ ಬೇಯುತ್ತೆ.

ಕೃಷಿ ವಿಶ್ವವಿದ್ಯಾಲಯದವರು ತಂದ ಹೆಬ್ಬಾಳ ಅವರೆ ತಳಿಗಳಿಂದಾಗಿ ಈಗ ಎಲ್ಲಾ ಕಾಲದಲ್ಲೂ ಅವರೆ ಬೆಳೆಯಬಹುದು. ಒಳ್ಳೆಯದೇ. ಆದರೂ ಚಳಿಗಾಲದ ಸೊಗಡಿನ ಅವರೆಯ ರುಚಿಯೇ ಬೇರೆ. ಮುಟ್ಟಿದರೆ ಕೈಗೆ ಜಿಡ್ಡು ಹತ್ತಬೇಕು, ಘಮ ಸಂಜೆವರೆಗೂ ಹೋಗಬಾರದು. ಅಂಥದ್ದನ್ನೇ ಮಾಗಡಿ ಕಡೆಯಿಂದ ತರಿಸಿದೆವು.

ಕರೆಯೋದು ದೊಡ್ಡ ಕೆಲಸ. ವಾಟ್ಸಾಪ್ ಗುಂಪಿನಲ್ಲಿ ಇರೋದು ಸ್ವಂತ ಮನೆಯವರು ಮಾತ್ರ. ಪಿಜಿಯ ಹುಡುಗರು, ಮನೆಕೆಲಸದವರು, ಸೆಕ್ಯೂರಿಟಿಯವರು ಅದರಲ್ಲಿ ಇರಲ್ಲ. ಅವರಿದ್ದಲ್ಲಿಗೇ ಹೋಗಿ ಕರೆದೆವು. ಕಟ್ಟಡ ಕೆಲಸದ ಶೆಡ್‌ನಲ್ಲಿ ಯಾದಗಿರಿಯ ಹೆಣ್ಣುಮಗಳೊಬ್ಬಳು, "ನಾವೂ ಬರಬಹುದೇನ್ರಿ ಅಕ್ಕಾರ? ರೊಕ್ಕ ಕೊಡಬೇಕೇನು?" ಅಂದಳು. ಆ ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ಇದೇ ರಾಜ್ಯದವಳು, ನಮ್ಮ ಬೀದಿಯ ಮನೆ ಕಟ್ಟುತ್ತಿರುವವಳು, ಒಳಗೆ ಬರಲು ಅನುಮತಿ ಕೇಳಬೇಕಾ? ಅವತ್ತೇ ಸಂಘದಲ್ಲಿ ಮಾತಾಡಿ, ತಲಾ ಇಷ್ಟು ಅನ್ನೋ ಚಂದಾವನ್ನೇ ತೆಗೆದುಹಾಕಿದೆವು. ಆದಷ್ಟು ಕೊಡಲಿ, ಇಲ್ಲದಿದ್ದರೆ ಸುಮ್ನೆ ಬರಲಿ ಅಂತ.

ಶನಿವಾರ ಸಂಜೆ ಭವನದ ನೆಲಕ್ಕೆ ಜಮಖಾನೆ ಹಾಸಿ, ಕಾಯಿ ರಾಶಿ ಸುರಿದೆವು. ಸುತ್ತ ಕೂತು ಬಿಡಿಸಿದೆವು. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತಕಲು ಕೂತೆವು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ಹೊಸಬರ ಕೈಯಿಂದ ಬೇಳೆ ಎದುರಿನವರ ಮಡಿಲಿಗೆ ಹಾರುತ್ತೆ. ಆಗ ಒಂದು ನಗು, ಆಮೇಲೆ ಮಾತು. ಅಸ್ಸಾಮಿನ ಹುಡುಗನೊಬ್ಬ ನಮ್ಮ ಅತ್ತೆಗೆ ಪ್ರತಿ ಕಾಯಿ ತೋರಿಸಿ, "ಅಜ್ಜಿ, ಇದು ಬಲಿತಿದೆಯಾ?" ಅಂತ ಕೇಳುತ್ತಿದ್ದ. ಕನ್ನಡ ಕಲಿಯಿರಿ ಅಂತ ಹೇಳೋದಕ್ಕಿಂತ ಹೀಗೆ ಜೊತೆಗೆ ಕೂರಿಸಿಕೊಂಡರೆ ಕನ್ನಡ ಬೇಗ ಬರುತ್ತೆ.

ಊಟದ್ದು ಸೂಕ್ಷ್ಮ. ಭವನದೊಳಗೆ ಮಾಂಸದ ಅಡುಗೆಗೆ ಅವಕಾಶ ಇಲ್ಲ. ಹಾಗಂತ ಕೆಲವರ ಅಡುಗೆ ಬಿಟ್ಟುಬಿಟ್ಟರೆ ಅವರನ್ನು ಕರೆದು ಪ್ರಯೋಜನ ಏನು? ಬೇಳೆಯನ್ನು ಎಲ್ಲರಿಗೂ ಸಮನಾಗಿ ಹಂಚಿದೆವು. ಅವರವರ ಮನೆಯಲ್ಲಿ ಮಾಡಿ ಸಂಜೆ ತಂದರು. ಸಾರು, ಉಪ್ಪಿಟ್ಟು, ಅಕ್ಕಿರೊಟ್ಟಿ ಒಳಗಿನ ಮೇಜಿಗೆ. ಕೀಮಾ, ಕೈಮ ಉಂಡೆ ಹೊರಗಿನ ಶಾಮಿಯಾನದ ಮೇಜಿಗೆ. ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ: ಯಾರು ಮಾಡಿದ್ದು, ಈರುಳ್ಳಿ ಬೆಳ್ಳುಳ್ಳಿ ಇದೆಯಾ, ಕಡಲೆಕಾಯಿ ಇದೆಯಾ. ಇದನ್ನು ನೀವೂ ಮಾಡಿ. ಹಿಂಜರಿಯೋರು ಧೈರ್ಯವಾಗಿ ಬಡಿಸಿಕೊಳ್ಳುತ್ತಾರೆ, ಚೀಟಿಯಲ್ಲಿ ಹೆಸರು ನೋಡಿ ಮಾತೂ ಆಡಿಸುತ್ತಾರೆ.

ಸ್ಟೀಲ್ ತಟ್ಟೆಗಳನ್ನು ಮನೆಗಳಿಂದ ತಂದೆವು. ಸಿಪ್ಪೆ ಹಸುಗಳಿಗೆ ಹೋಯಿತು.

ಈ ವರ್ಷ ಖರೀದಿ, ಲೆಕ್ಕ ಎರಡನ್ನೂ ಒಡಿಶಾದ ದಂಪತಿಗೆ ಒಪ್ಪಿಸಿದ್ದೇವೆ. ಭವನದ ಒಂದು ಬೀಗದ ಕೈಯನ್ನೂ ಅವರಿಗೇ ಕೊಟ್ಟಿದ್ದೇವೆ. ರಾಮನವಮಿಯ ಪಾನಕ, ಕೋಸಂಬರಿ ಯಾರು ನೋಡಿಕೊಳ್ಳಬೇಕು ಅನ್ನೋ ಸಭೆ ಮುಂದಿನ ಭಾನುವಾರ. ಅದಕ್ಕೆ ಶೆಡ್‌ನವರನ್ನೂ ಕರೆದಿದ್ದೇವೆ.